ಕ್ಯಾರವಾನ್, ಮೋಟರ್‌ಹೋಮ್‌ಗಳಲ್ಲಿ ಕರೆಂಟ್ ಕೈಕೊಟ್ಟಾಗ: ದೋಷ ಹುಡುಕುವ ಬಗೆ

ಕ್ಯಾರವಾನ್‌ನಲ್ಲಿ (ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಅಥವಾ ಮೋಟರ್‌ಹೋಮ್‌ನಲ್ಲಿ (ತನ್ನದೇ ಎಂಜಿನ್ ಇರುವಂಥದ್ದು) ದೀಪ ಮಂಕಾದರೆ, ನಡುರಾತ್ರಿ ಫ್ರಿಡ್ಜ್ ನಿಂತರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಹೊಸ ಬ್ಯಾಟರಿ ಬಂದ ಮೇಲೂ ಫ್ರಿಡ್ಜ್ ನಿಂತರೆ ಅನುಮಾನ ಚಾರ್ಜರ್‌ಗೆ ದಾಟುತ್ತದೆ, ಅಲ್ಲಿಂದ ಸೋಲಾರ್ ಕಂಟ್ರೋಲರ್‌ಗೆ (ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆ). ದುಬಾರಿ ಪೆಟ್ಟಿಗೆಗಳೆಲ್ಲ ಒಂದು ಸುತ್ತು ಬದಲಾದರೂ ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಏಕೆಂದರೆ ಬಹುಪಾಲು ಸಲ ಅದು ಅಡಗಿರುವುದು ಕಿಲುಬು ಹಿಡಿದ ಒಂದು ಲಗ್‌ನಲ್ಲಿ (ವೈರ್‌ನ ತುದಿಗೆ ಹಾಕುವ ಲೋಹದ ಬಳೆ) ಅಥವಾ ಸಡಿಲಗೊಂಡ ಒಂದು ನಟ್ಟಿನಲ್ಲಿ. ಕಟ್ಟಡದ ವೈರಿಂಗ್ ಗೋಡೆಯೊಳಗೆ ಅಲುಗಾಡದೆ ಇರುತ್ತದೆ. ವಾಹನದ ವೈರಿಂಗ್ ಪ್ರತಿ ಹಳ್ಳ-ದಿಣ್ಣೆಗೂ ಕುಲುಕುತ್ತದೆ, ತೇವ ಕುಡಿಯುತ್ತದೆ, ಮಧ್ಯೆ ತಿಂಗಳುಗಟ್ಟಲೆ ಬಳಕೆಯಿಲ್ಲದೆ ನಿಂತಿರುತ್ತದೆ. ಹೀಗಾಗಿ ಮುಂದೆ ಹೇಳುವುದೆಲ್ಲ ಒಂದೇ ಮಾತಿಗೆ ಬರುತ್ತದೆ: ಬದಲಿಸುವ ಮೊದಲು ಅಳೆಯಿರಿ, ಅಳೆಯುವಾಗ ಲೋಡ್, ಅಂದರೆ ಕರೆಂಟ್ ಎಳೆಯುವ ಉಪಕರಣ, ಓಡುತ್ತಿರಲಿ. ಏನೂ ಓಡದಿರುವಾಗ ತೋರುವ ವೋಲ್ಟೇಜ್ ಕೆಟ್ಟ ಜೋಡಣೆಯನ್ನು ಚೆನ್ನಾಗಿಯೇ ಮುಚ್ಚಿಡುತ್ತದೆ.

ಕೈ ಹಾಕುವ ಮುನ್ನ

ಬೇಕಾದ ಸಾಮಾನು ಕಡಿಮೆ. ಒಂದು ಡಿಜಿಟಲ್ ಮಲ್ಟಿಮೀಟರ್, ವೈರನ್ನು ಬಿಚ್ಚದೆ ಸುತ್ತ ಹಿಡಿದು ಡಿಸಿ ಕರೆಂಟ್ ಅಳೆಯಬಲ್ಲ ಕ್ಲಾಂಪ್ ಮೀಟರ್ (ಎಸಿ ಮಾತ್ರ ಅಳೆಯುವ ಅಗ್ಗದ ಕ್ಲಾಂಪ್ ಬ್ಯಾಟರಿ ಬದಿಯಲ್ಲಿ ಕೆಲಸಕ್ಕೆ ಬಾರದು), ಮೂರು ದೀಪಗಳ ಸಾಕೆಟ್ ಟೆಸ್ಟರ್, ಎರಡು ವೈರ್ ಕಟ್ಟಿದ 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್. ಈ ಬಲ್ಬನ್ನು ಕೀಳಾಗಿ ಕಾಣಬೇಡಿ. ಅದು ಸುಮಾರು 1.75 ಆಂಪಿಯರ್ ಎಳೆಯುವುದರಿಂದ, ಮೀಟರ್‌ನ ಮುಂದೆ 12 ವೋಲ್ಟ್ ತೋರಿಸಿ ಏಮಾರಿಸುವ ವೈರ್ ಇದರ ಮುಂದೆ ಸಿಕ್ಕಿಬೀಳುತ್ತದೆ.

12 ವೋಲ್ಟ್ ಮುಟ್ಟಿದರೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿಯುತ್ತದೆ, ಬೆರಳಲ್ಲಿ ಉಂಗುರವಿದ್ದರೆ ಮಾಂಸವೇ ಸುಡುತ್ತದೆ. ಉಂಗುರ, ಗಡಿಯಾರ ತೆಗೆದಿಡಿ. ಮೊದಲು ಸೋಲಾರ್ ಪ್ಯಾನಲ್‌ನ ಸಂಪರ್ಕ ತಪ್ಪಿಸಿ, ಬಳಿಕ ಬ್ಯಾಟರಿಯ ಮೈನಸ್ ಬಿಚ್ಚಿ, ಕೊನೆಗೆ ಪ್ಲಸ್. ಜೋಡಿಸುವಾಗ ಇದರ ತಿರುಗುಮುರುಗು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಮುಚ್ಚಿದ ಪೆಟ್ಟಿಗೆಯೊಳಗೆ ಕಿಡಿ ಹಾರಿಸುವ ಕೆಲಸ ಬೇಡ. ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ರಂಧ್ರದಲ್ಲೇ ಮರೆತು ಬ್ಯಾಟರಿಗೆ ತಾಗಿಸಿದರೆ ಅದು ನೇರ ಶಾರ್ಟ್, ಪ್ರತಿ ಸಲ ಕಣ್ಣಾಡಿಸಿ.

230 ವೋಲ್ಟ್ ಬದಿಯಲ್ಲಿ ಪ್ಲಗ್ ಕೀಳುವುದು, ಎಂಸಿಬಿ (ಲೋಡ್ ಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್) ಆಫ್ ಮಾಡುವುದು, ಟೆಸ್ಟರ್ ಚುಚ್ಚುವುದು ಯಾರಾದರೂ ಮಾಡಬಹುದಾದ ಕೆಲಸ. ವಿತರಣಾ ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಅರ್ಹ ಎಲೆಕ್ಟ್ರೀಷಿಯನ್‌ನ ಕೆಲಸ.

ಬ್ಯಾಟರಿ ನಿಜಕ್ಕೂ ಹೋಗಿದೆಯೇ?

ದೀಪ, ಪಂಪ್, ಫ್ರಿಡ್ಜ್‌ಗೆ ಕರೆಂಟ್ ಕೊಡುವ ಬ್ಯಾಟರಿಯನ್ನು ಇಲ್ಲಿ ಮನೆ ಬ್ಯಾಟರಿ ಎನ್ನುತ್ತೇನೆ, ಎಂಜಿನ್ ಸ್ಟಾರ್ಟ್ ಮಾಡುವುದು ಬೇರೆ. ಸೀಸ-ಆಮ್ಲದ ಮನೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಎಲ್ಲ ಸಂಪರ್ಕ ತಪ್ಪಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆಯಿರಿ. ಚಾರ್ಜರ್ ತೆಗೆದ ಕೂಡಲೇ ಕಾಣುವ 13 ಚಿಲ್ಲರೆ ವೋಲ್ಟ್ ಮೇಲ್ಪದರದ ಚಾರ್ಜ್ ಅಷ್ಟೆ. ವಿಶ್ರಾಂತಿಯ ನಂತರ ಸುಮಾರು 12.7 ಇದ್ದರೆ ಪೂರ್ತಿ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಬ್ಯಾಟರಿಗಳಲ್ಲಿ ಈ ಅಂಕಿ ಒಂದೆರಡು ದಶಾಂಶ ಮೇಲಿರುತ್ತದೆ.

ಆದರೆ 12.7 ತೋರಿಸುವ ಬ್ಯಾಟರಿಯ ಹೊಟ್ಟೆ ಪೂರ್ತಿ ತುಂಬಿದೆ ಎಂದಷ್ಟೇ ಗೊತ್ತಾಯಿತು, ಹೊಟ್ಟೆ ಎಷ್ಟು ದೊಡ್ಡದು ಎಂದಲ್ಲ. ಅರ್ಧ ಚಾರ್ಜ್‌ನಲ್ಲೇ ತಿಂಗಳುಗಟ್ಟಲೆ ಬಿದ್ದಿದ್ದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಗ್ಗಿರುತ್ತದೆ. ಇದನ್ನು ತಿಳಿಯಲು ಸುಲಭದ ದಾರಿ ಇಲ್ಲ, ನಿಧಾನವಾಗಿ ಖಾಲಿ ಮಾಡಿಯೇ ನೋಡಬೇಕು. 100 ಆಂಪಿಯರ್-ಅವರ್‌ನ (ಆಂಪಿಯರ್ ಗುಣಿಸು ಗಂಟೆ) ಬ್ಯಾಟರಿಗೆ 5 ಆಂಪಿಯರ್ ಲೋಡ್ ಹಾಕಿ, ಮೇಲೆ ಹೇಳಿದಂಥ ಮೂರು ಬಲ್ಬ್ ಸಾಕು. ಹತ್ತು ಗಂಟೆ ಉರಿಸಿ, ಲೋಡ್ ತೆಗೆದು, ಬ್ಯಾಟರಿಯನ್ನು ಮತ್ತೆ ಸುಮ್ಮನೆ ಬಿಟ್ಟು ಅಳೆದಾಗ 12.2ರ ಆಸುಪಾಸು ಇರಬೇಕು. ನಾಲ್ಕೈದು ಗಂಟೆಯೊಳಗೇ ಅಷ್ಟಕ್ಕೆ ಇಳಿದರೆ ಉಳಿದಿರುವುದು ಅರ್ಧ ಬ್ಯಾಟರಿ. ಆಗ ಮಾತ್ರ ಹೊಸದನ್ನು ಕೊಳ್ಳುವ ಮಾತು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದು ಪೂರ್ತಿ ತುಂಬಿದಾಗ 13.3-13.4ರಲ್ಲಿ ನಿಂತು, ಮುಕ್ಕಾಲು ಖಾಲಿಯಾಗುವವರೆಗೂ ಹೆಚ್ಚೇನೂ ಇಳಿಯದೆ, ಕೊನೆಯಲ್ಲಿ ಜಾರಿ ಬೀಳುತ್ತದೆ. ಹೋದ ಮತ್ತು ಬಂದ ಕರೆಂಟನ್ನು ಲೆಕ್ಕ ಇಡುವ ಶಂಟ್ ಮಾನಿಟರ್ ಇಲ್ಲದೆ ಲಿಥಿಯಂ ಎಷ್ಟು ಉಳಿದಿದೆ ಎಂದು ಹೇಳುವುದು ಬರೀ ಊಹೆ. ಟರ್ಮಿನಲ್‌ಗಳಲ್ಲಿ ಸೊನ್ನೆ ಅಥವಾ ಒಂದೆರಡು ವೋಲ್ಟ್ ಕಂಡರೆ ಬ್ಯಾಟರಿ ಸತ್ತಿತೆಂದು ಗಾಬರಿಯಾಗಬೇಡಿ. ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿದಿರುವ ಸಂಭವವೇ ಹೆಚ್ಚು, ಲಿಥಿಯಂಗೆ ಸರಿಹೊಂದುವ ಚಾರ್ಜರ್ ಜೋಡಿಸಿದರೆ ಎಚ್ಚೆತ್ತುಕೊಳ್ಳುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಆಗದಿರುವುದೂ ಅದರ ರಕ್ಷಣೆಯೇ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಈ ಕೈಪಿಡಿಯಲ್ಲಿ ಒಂದೇ ಭಾಗ ಓದುವ ವ್ಯವಧಾನವಿದ್ದರೆ ಇದನ್ನು ಓದಿ. ಲಕ್ಷಣ ಹೀಗಿದೆ ಎಂದುಕೊಳ್ಳೋಣ: ಕಂಪ್ರೆಸರ್ ಫ್ರಿಡ್ಜ್ ಹಗಲು ಚೆನ್ನಾಗಿ ಓಡುತ್ತದೆ. ರಾತ್ರಿ ಕಂಪ್ರೆಸರ್ ಎದ್ದ ಕೂಡಲೇ ನಿಲ್ಲುತ್ತದೆ, ಮತ್ತೆ ಏಳಲು ಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಬ್ಯಾಟರಿಯಲ್ಲಿ 12.5 ವೋಲ್ಟ್ ಇದೆ. ಫ್ರಿಡ್ಜ್ ಆಫ್ ಇರುವಾಗ ಅದರ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೂ 12.5. ಎಲ್ಲವೂ ಸರಿ ಇದ್ದಂತೆಯೇ ಕಾಣುತ್ತದೆ.

ಈಗ ಕಂಪ್ರೆಸರ್ ಓಡುತ್ತಿರುವಾಗಲೇ ಅಳೆಯಿರಿ. ಕರೆಂಟ್ 5 ಆಂಪಿಯರ್, ಬ್ಯಾಟರಿಯಲ್ಲಿ 12.4, ಫ್ರಿಡ್ಜ್‌ನಲ್ಲಿ 10.9. ದಾರಿಯಲ್ಲಿ 1.5 ವೋಲ್ಟ್ ಕಾಣೆಯಾಗಿದೆ. ಈ ಜಾತಿಯ ಅನೇಕ ಕಂಪ್ರೆಸರ್‌ಗಳು ಸುಮಾರು 10.4 ವೋಲ್ಟ್‌ಗೆ ಇಳಿದರೆ ತಾವಾಗಿಯೇ ನಿಲ್ಲುತ್ತವೆ. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಕರೆಂಟ್ ಜಿಗಿದಾಗ ಆ ಮಿತಿ ಮುಟ್ಟುವುದು ಕಷ್ಟವಲ್ಲ. ಹಗಲು ತೊಂದರೆ ಕಾಣದಿದ್ದುದಕ್ಕೆ ಕಾರಣವೂ ಇಲ್ಲೇ ಇದೆ. ಸೋಲಾರ್ ಬ್ಯಾಟರಿಯನ್ನು 13.8ರ ಮೇಲೆ ಎತ್ತಿ ಹಿಡಿದಿರುವಾಗ ಒಂದೂವರೆ ವೋಲ್ಟ್ ಸೋರಿದರೂ ಫ್ರಿಡ್ಜ್‌ಗೆ 12.3 ಸಿಗುತ್ತದೆ.

ಇನ್ನು ಸೋರುವ ಜಾಗ. ಮೀಟರ್‌ನ ಒಂದು ಮೊನೆ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಫ್ರಿಡ್ಜ್‌ನ ಪ್ಲಸ್ ಮೇಲೆ. ಪ್ಲಸ್‌ನಿಂದ ಪ್ಲಸ್‌ಗೆ ಅಳೆಯುವುದು ಮೊದಲ ಸಲ ವಿಚಿತ್ರ ಎನಿಸುತ್ತದೆ, ಆದರೆ ಮೀಟರ್ ತೋರಿಸುವ 0.4 ವೋಲ್ಟ್ ಆ ಬದಿಯಲ್ಲಿ ಕಳೆದದ್ದರ ನೇರ ಲೆಕ್ಕ. ಹಾಗೆಯೇ ಬ್ಯಾಟರಿಯ ಮೈನಸ್‌ನಿಂದ ಫ್ರಿಡ್ಜ್‌ನ ಮೈನಸ್‌ಗೆ: 1.1 ವೋಲ್ಟ್. ದೋಷ ಮೈನಸ್ ಬದಿಯಲ್ಲಿದೆ. ಫ್ರಿಡ್ಜ್ ಕಡೆಯ ಮೊನೆ ಅಲ್ಲೇ ಇರಲಿ, ಇನ್ನೊಂದನ್ನು ಬ್ಯಾಟರಿಯಿಂದ ಜೋಡಣೆ ಜೋಡಣೆಯಾಗಿ ಮುಂದಕ್ಕೆ ತನ್ನಿ. ಮೈನಸ್ ವೈರ್‌ಗಳೆಲ್ಲ ಸೇರುವ ಚಾಸಿಯ (ವಾಹನದ ಲೋಹದ ಚೌಕಟ್ಟು) ಬೋಲ್ಟ್ ದಾಟಿದ ಕೂಡಲೇ ಅಂಕಿ 1.1ರಿಂದ 0.2ಕ್ಕೆ ಬಿತ್ತು. ಸಿಕ್ಕಿತು. ಬಿಚ್ಚಿ ನೋಡಿದರೆ ಲಗ್‌ನ ಅಡಿಯಲ್ಲಿ ಬಣ್ಣದ ಪದರ, ಅದರ ಸುತ್ತ ಕಂದು ತುಕ್ಕು. 0.9 ವೋಲ್ಟ್, 5 ಆಂಪಿಯರ್ ಎಂದರೆ ನಾಲ್ಕೂವರೆ ವ್ಯಾಟ್ ಶಾಖ ಆ ಒಂದು ಬೋಲ್ಟಿನಲ್ಲೇ ಹುಟ್ಟುತ್ತಿತ್ತು, ಬೆರಳಿಟ್ಟಿದ್ದರೂ ತಿಳಿಯುತ್ತಿತ್ತು. ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಮುಗಿಯಿತು.

ಪ್ಲಸ್ ಬದಿಯ 0.4 ಕೂಡ ಸಣ್ಣದಲ್ಲ. ತಾಮ್ರದ ವೈರ್‌ನ ಪ್ರತಿರೋಧ ಓಮ್‌ಗಳಲ್ಲಿ ಬೇಕಾದರೆ 0.0175ನ್ನು ಮೀಟರ್‌ಗಳಲ್ಲಿನ ಉದ್ದದಿಂದ ಗುಣಿಸಿ, ಚದರ ಮಿಲಿಮೀಟರ್‌ನಲ್ಲಿರುವ ದಪ್ಪದಿಂದ ಭಾಗಿಸಿ. ಆರು ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ವೈರ್‌ಗೆ 0.042 ಓಮ್, 5 ಆಂಪಿಯರ್‌ಗೆ ಸುಮಾರು 0.2 ವೋಲ್ಟ್. ಅಂದರೆ ಉಳಿದ 0.2 ವೋಲ್ಟ್ ಫ್ಯೂಸ್ ಹೋಲ್ಡರ್ ಅಥವಾ ಸ್ವಿಚ್‌ನಲ್ಲಿ ಹೋಗುತ್ತಿದೆ. ಫ್ಯೂಸ್ ಹೋಲ್ಡರ್‌ನ ಪ್ಲಾಸ್ಟಿಕ್ ಕಂದಾಗಿದ್ದರೆ, ಫ್ಯೂಸ್‌ನ ಕಾಲು ಹೊಳಪು ಕಳೆದುಕೊಂಡಿದ್ದರೆ ಅದೇ ಅಪರಾಧಿ. ಫ್ಯೂಸ್ ಎಳೆದು ಕಂಟಿನ್ಯೂಟಿ (ಒಳಗಿನ ತಂತಿ ತುಂಡಾಗದೆ ಇದೆಯೇ ಎಂದು) ನೋಡಿ ಸರಿಯಿದೆ ಎನ್ನುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ, ಕೆಟ್ಟಿರುವುದು ಫ್ಯೂಸ್ ಅಲ್ಲ, ಅದನ್ನು ಹಿಡಿದಿರುವ ದವಡೆ. ದೀಪ ಮಂಕಾಗುವುದು, ನೀರಿನ ಪಂಪ್ ನರಳುವುದು, ಹೀಟರ್ ಸ್ಟಾರ್ಟ್ ಆಗದೆ ಎರರ್ ತೋರಿಸುವುದು, ಎಲ್ಲಕ್ಕೂ ಇದೇ ಹುಡುಕಾಟ.

ನಿಂತಲ್ಲೇ ಬ್ಯಾಟರಿ ಖಾಲಿಯಾಗುವುದು

ಎಲ್ಲ ಸ್ವಿಚ್ ಆಫ್ ಮಾಡಿ ಕ್ಲಾಂಪ್ ಮೀಟರ್ ಹಾಕಿ. ಸಣ್ಣ ಕರೆಂಟ್‌ಗೆ ಕ್ಲಾಂಪ್ ನಿಖರವಲ್ಲದಿದ್ದರೆ ಮಲ್ಟಿಮೀಟರನ್ನು 10 ಆಂಪಿಯರ್ ರಂಧ್ರದಲ್ಲಿಟ್ಟು ಮೈನಸ್ ವೈರ್‌ನ ಸಾಲಿನಲ್ಲಿ ಸೇರಿಸಿ. ನಿಯಂತ್ರಣ ಫಲಕ, ಗ್ಯಾಸ್ ಅಲಾರಂ, ಟ್ರ್ಯಾಕರ್, ರೇಡಿಯೊದ ನೆನಪು ಎಲ್ಲ ಸೇರಿ 50 ಮಿಲಿಆಂಪಿಯರ್ ಆದರೂ ದಿನಕ್ಕೆ 1.2 ಆಂಪಿಯರ್-ಅವರ್, ನಲವತ್ತು ದಿನಕ್ಕೆ 48. ನೂರರ ಬ್ಯಾಟರಿಯ ಅರ್ಧ, ಅದರ ಸ್ವಂತ ಸೋರಿಕೆ ಬೇರೆ. ಅದಕ್ಕಿಂತ ತೀರಾ ಹೆಚ್ಚು ಕಂಡರೆ ಫ್ಯೂಸ್‌ಗಳನ್ನು ಕೀಳುವ ಬದಲು ಅವುಗಳ ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಕರೆಂಟ್ ಹರಿಯುವ ಫ್ಯೂಸ್ ಮಾತ್ರ ಅಂಕಿ ತೋರಿಸುತ್ತದೆ.

ಚಾರ್ಜ್ ಏರುತ್ತಿಲ್ಲ

ಎಂಜಿನ್‌ನಿಂದ: ಮನೆ ಬ್ಯಾಟರಿಯ ಮೇಲೆ ಮೀಟರ್ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿಸಿ. 12.4ರಿಂದ 13.8-14.4ಕ್ಕೆ ಏರಬೇಕು. ಏರದಿದ್ದರೆ ಎಂಜಿನ್ ಬ್ಯಾಟರಿಯಲ್ಲಿ ಅಳೆಯಿರಿ. ಅಲ್ಲಿ 14.2 ಇದ್ದು ಇಲ್ಲಿ 12.4 ಎಂದರೆ ದೋಷ ನಡುವಿನ ರಿಲೇಯಲ್ಲಿ (ಎರಡು ಬ್ಯಾಟರಿಗಳನ್ನು ತಾನಾಗಿ ಬೆಸೆಯುವ ಸ್ವಿಚ್) ಅಥವಾ ಫ್ಯೂಸ್‌ನಲ್ಲಿ. ಇಲ್ಲಿ 13.2 ಎಂದರೆ ರಿಲೇ ಕೆಲಸ ಮಾಡುತ್ತಿದೆ, ವೈರ್ ತೆಳುವಾಗಿದೆ ಅಥವಾ ಜೋಡಣೆ ಕೆಟ್ಟಿದೆ. ಎಂಜಿನ್ ಬ್ಯಾಟರಿಯೇ ಒಮ್ಮೆ 12.5, ಇನ್ನೊಮ್ಮೆ 15ರ ಹತ್ತಿರ ಎಂದು ಕುಣಿಯುತ್ತಿದ್ದರೆ ಅದು ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ). ಇಂಧನ ಉಳಿಸಲು ವೋಲ್ಟೇಜ್ ಇಳಿಸುವುದು ಅದರ ಸ್ವಭಾವ. ವೋಲ್ಟೇಜ್ ನೋಡಿ ಬೆಸೆಯುವ ಹಳೆಯ ಮಾದರಿಯ ರಿಲೇ ಅದರ ಜೊತೆ ಎಂದೂ ಸರಿಯಾಗಿ ಕೆಲಸ ಮಾಡದು. ಅಲ್ಲಿ ಬೇಕಾದದ್ದು ಡಿಸಿ-ಡಿಸಿ ಚಾರ್ಜರ್, ಅಂದರೆ ಎಂಜಿನ್ ಬದಿಯ ವೋಲ್ಟೇಜ್ ಏರಿಳಿದರೂ ಮನೆ ಬ್ಯಾಟರಿಗೆ ಸರಿಯಾದ ವೋಲ್ಟೇಜ್ ಕೊಡುವ ಚಾರ್ಜರ್. ಅದು ಇದ್ದೂ ಸುಮ್ಮನಿದ್ದರೆ ಎಂಜಿನ್ ಓಡುತ್ತಿದೆ ಎಂದು ತಿಳಿಸುವ ತೆಳು ವೈರ್‌ಗೆ 12 ವೋಲ್ಟ್ ಬರುತ್ತಿದೆಯೇ ನೋಡಿ.

ಎಳೆದೊಯ್ಯುವ ಕ್ಯಾರವಾನ್‌ನಲ್ಲಿ ಇದೆಲ್ಲ 13 ಪಿನ್‌ಗಳ ಪ್ಲಗ್‌ನ ಮೂಲಕ ಬರುತ್ತದೆ. 9ನೇ ಪಿನ್ ಸದಾ ಇರುವ ಪ್ಲಸ್, ಅದರ ಮೈನಸ್ 13. ಎಂಜಿನ್ ಓಡುವಾಗ ಮಾತ್ರ ಬರುವ ಪ್ಲಸ್ 10, ಅದರ ಮೈನಸ್ 11. ಈ ಜೋಡಿಗಳ ನಡುವೆಯೇ ಅಳೆಯಿರಿ, ಇಂಡಿಕೇಟರ್ ಬಲ್ಬ್ ಉರಿಸಿಕೊಂಡೇ ಅಳೆಯಿರಿ.

ಸೋಲಾರ್‌ನಿಂದ: 12 ವೋಲ್ಟ್ ಬ್ಯಾಟರಿಗಾಗಿ ಮಾಡಿದ ಸಾಮಾನ್ಯ ಪ್ಯಾನಲ್ ಬಿಡಿಸಿಟ್ಟಾಗ 21-22 ವೋಲ್ಟ್ ತೋರಿಸಬೇಕು. ತೋರಿಸಿದ ಮಾತ್ರಕ್ಕೆ ಪ್ಯಾನಲ್ ಸರಿಯಿದೆ ಎಂದಲ್ಲ, ಮೋಡದ ಬೆಳಕಿನಲ್ಲೂ ವೋಲ್ಟೇಜ್ ಇರುತ್ತದೆ. ಕಂಟ್ರೋಲರ್‌ನಿಂದ ಬಿಡಿಸಿದ ಒಂದೇ ಪ್ಯಾನಲ್‌ನ ಎರಡು ತುದಿಗೆ ಮೀಟರನ್ನು 10 ಆಂಪಿಯರ್‌ನಲ್ಲಿಟ್ಟು ತಾಗಿಸಿದರೆ 100 ವ್ಯಾಟ್ ಪ್ಯಾನಲ್ ನೇರ ಬಿಸಿಲಿನಲ್ಲಿ ಐದೂವರೆ ಆಂಪಿಯರ್ ಆಸುಪಾಸು ಕೊಡುತ್ತದೆ. ಪ್ಯಾನಲ್‌ಗೆ ಈ ಶಾರ್ಟ್‌ನಿಂದ ಹಾನಿಯಿಲ್ಲ, ಬ್ಯಾಟರಿಯ ಮೇಲೆ ಮಾತ್ರ ಇದನ್ನು ಎಂದೂ ಮಾಡಬೇಡಿ. ಸಂಪರ್ಕ ಕೊಡುವಾಗ, ಬಿಡಿಸುವಾಗ ಪ್ಯಾನಲ್ ಮೇಲೆ ಕಂಬಳಿ ಹೊದಿಸಿ, ಲೋಡ್ ಇರುವಾಗ ಎಂಸಿ4 ಕನೆಕ್ಟರ್ (ಪ್ಯಾನಲ್ ವೈರ್‌ಗಳನ್ನು ಸೇರಿಸುವ ಪ್ಲಗ್) ಎಳೆದರೆ ಕಿಡಿ ನಿಲ್ಲದೆ ಉರಿಯಬಹುದು. ವೋಲ್ಟೇಜ್ ಇದ್ದು ಕರೆಂಟ್ ಇಲ್ಲದಿದ್ದರೆ ಆ ಕನೆಕ್ಟರ್‌ಗಳನ್ನೇ ಮೊದಲು ನೋಡಿ. ಬಿಸಿಲಿದ್ದೂ ಕರೆಂಟ್ ಅರ್ಧವಾದರೆ ಆಂಟೆನಾದ ನೆರಳು ಬೀಳುತ್ತಿದೆಯೇ ನೋಡಿ, ಕೆಲವೇ ಸೆಲ್‌ಗಳಿಗೆ ಬಿದ್ದ ನೆರಳೂ ಸಾಲಿನಲ್ಲಿರುವ ಉಳಿದ ಸೆಲ್‌ಗಳನ್ನು ಹಿಡಿದಿಡುತ್ತದೆ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಬಳಿಕ ಪ್ಯಾನಲ್. ಈ ಕ್ರಮ ತಪ್ಪಿದರೆ ಕೆಲವು ಕಂಟ್ರೋಲರ್‌ಗಳು ಬ್ಯಾಟರಿಯ ವೋಲ್ಟೇಜನ್ನೇ ತಪ್ಪಾಗಿ ಗುರುತಿಸುತ್ತವೆ.

ಇನ್ವರ್ಟರ್

ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟ್ ಎಸಿಯಾಗಿಸುವ ಪೆಟ್ಟಿಗೆ ಇದು. ದೂರು ಎರಡು ಬಗೆ. ಹೇರ್ ಡ್ರೈಯರ್ ಒತ್ತಿದ ಕೂಡಲೇ ಕೀರಲು ಸದ್ದು ಮಾಡಿ ನಿಲ್ಲುವುದು ಮೊದಲನೆಯದು. 1000 ವ್ಯಾಟ್ ಕೊಡಲು, ದಕ್ಷತೆ ಶೇ 90 ಎಂದರೂ, ಬ್ಯಾಟರಿಯಿಂದ 90ಕ್ಕೂ ಹೆಚ್ಚು ಆಂಪಿಯರ್ ಬೇಕು. ಎರಡು ಮೀಟರ್ ದೂರಕ್ಕೆ 6 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟ್ ಹೋಯಿತು, ವೈರ್ ಕಾದು ಕರಗುವ ಅಪಾಯ ಬೇರೆ. ಇನ್ವರ್ಟರ್ ಟರ್ಮಿನಲ್‌ನಲ್ಲಿ ಲೋಡ್ ಇರುವಾಗ ಅಳೆದರೆ ವಿಷಯ ಒಂದೇ ಕ್ಷಣದಲ್ಲಿ ಇತ್ಯರ್ಥ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಇನ್ವರ್ಟರ್ ಆನ್ ಇಟ್ಟು ಮಲಗಿದರೆ, ಏನೂ ಬಳಸದಿದ್ದರೂ ಬೆಳಗ್ಗೆ ಬ್ಯಾಟರಿ ಖಾಲಿ. ಇನ್ವರ್ಟರ್‌ನ ಔಟ್‌ಪುಟ್ಟನ್ನು ವಾಹನದ ಇಡೀ 230 ವೋಲ್ಟ್ ವಿತರಣಾ ಪೆಟ್ಟಿಗೆಗೆ ಕೊಟ್ಟಿರುವ ಕಡೆ ಇದು ಆಗುತ್ತದೆ. 230 ವೋಲ್ಟ್ ಬಂತೆಂದು ಬ್ಯಾಟರಿ ಚಾರ್ಜರ್ ಏಳುತ್ತದೆ, ತನಗೆ ಕರೆಂಟ್ ಕೊಡುತ್ತಿರುವ ಬ್ಯಾಟರಿಯನ್ನೇ ಚಾರ್ಜ್ ಮಾಡಲು ತೊಡಗುತ್ತದೆ. 20 ಆಂಪಿಯರ್ ಒಳಗೆ ಹಾಕಲು ಸುಮಾರು 30 ಆಂಪಿಯರ್ ಹೊರಗೆ ತೆಗೆಯುತ್ತದೆ, ಎಂಟು ಗಂಟೆಯಲ್ಲಿ ಎಂಬತ್ತು ಆಂಪಿಯರ್-ಅವರ್ ಬರಿದೇ ಶಾಖವಾಗಿ ಹೋಗುತ್ತದೆ. ಆಟೊ ಸ್ಥಿತಿಯಲ್ಲಿರುವ ಮೂರು ಇಂಧನದ (ಗ್ಯಾಸ್, 12 ವೋಲ್ಟ್, 230 ವೋಲ್ಟ್) ಫ್ರಿಡ್ಜ್ ಕೂಡ ಗ್ಯಾಸ್ ಬಿಟ್ಟು ಇನ್ವರ್ಟರ್‌ಗೆ ಜಿಗಿಯುತ್ತದೆ. ಪರಿಹಾರ, ಚಾರ್ಜರ್ ಮತ್ತು ಫ್ರಿಡ್ಜ್‌ನ ಲೈನ್‌ಗಳನ್ನು ಇನ್ವರ್ಟರ್ ತಲುಪದ ಕಡೆಗೆ ಬೇರ್ಪಡಿಸುವುದು. ಹೊರಗಿನ ಕರೆಂಟ್ ಮತ್ತು ಇನ್ವರ್ಟರ್ ಎರಡೂ ಒಂದೇ ಲೈನ್‌ಗೆ ಬರುವಂತಿದ್ದರೆ ಒಮ್ಮೆಗೆ ಒಂದನ್ನು ಮಾತ್ರ ಸೇರಿಸುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಇನ್ನೊಂದು ಮಾತು: ಔಟ್‌ಪುಟ್‌ನ ನ್ಯೂಟ್ರಲ್ ಚಾಸಿಗೆ ಬೆಸೆದಿರದ ಇನ್ವರ್ಟರ್‌ನ ಮುಂದೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಇದ್ದೂ ಇಲ್ಲದಂತೆ, ಸೋರಿದ ಕರೆಂಟ್ ಮರಳುವ ದಾರಿಯೇ ಇರುವುದಿಲ್ಲ. ಜನರೇಟರ್‌ಗೂ ಇದೇ ಅನ್ವಯ. ಬೆಸೆಯುವ ಕೆಲಸ ತಯಾರಕರ ಸೂಚನೆಯಂತೆ ಎಲೆಕ್ಟ್ರೀಷಿಯನ್ ಮಾಡಲಿ, ಏಕೆಂದರೆ ಕೆಲವು ಇನ್ವರ್ಟರ್‌ಗಳು ಅದನ್ನು ಸಹಿಸುವುದಿಲ್ಲ.

230 ವೋಲ್ಟ್ ಬದಿ

ತಂಗುದಾಣದ ಕರೆಂಟ್ ಕಂಬದಿಂದ ಬರುವ ಲೈನ್‌ನಲ್ಲಿ ಮೊದಲು ಕೇಳಬೇಕಾದದ್ದು, ಬಿದ್ದದ್ದು (ತಾನಾಗಿ ಆಫ್ ಆದದ್ದು) ಯಾವುದು? ಎಂಸಿಬಿ ಬಿದ್ದರೆ ಲೋಡ್ ಹೆಚ್ಚಾಯಿತು ಅಥವಾ ಶಾರ್ಟ್ ಆಯಿತು. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಅರ್ಥ್‌ಗೆ ಸೋರುತ್ತಿದೆ. ಕಂಬದ ಮಿತಿ 6 ಆಂಪಿಯರ್ ಎಂದರೆ 1380 ವ್ಯಾಟ್, 10 ಎಂದರೆ 2300, 16 ಎಂದರೆ 3680. ಆರರ ಕಂಬದಲ್ಲಿ 2000 ವ್ಯಾಟ್‌ನ ಕೆಟಲ್ ಹಾಕಿದರೆ ಬೀಳುವುದು ದೋಷವಲ್ಲ, ಲೆಕ್ಕ. ಸುರುಳಿ ಬಿಚ್ಚದ ಕೇಬಲ್‌ನ ಮೂಲಕ ಹೀಟರ್ ಓಡಿಸಿದರೆ ಯಾವುದೂ ಬೀಳದೆಯೇ ಸುರುಳಿಯ ಒಳಗೆ ಇನ್ಸುಲೇಷನ್ ಕರಗುತ್ತದೆ, ಪೂರ್ತಿ ಬಿಚ್ಚಿ ಹರಡಿ.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೀಳುತ್ತಿದ್ದರೆ ವಾಹನದ ಮುಖ್ಯ ಸ್ವಿಚ್ ಆಫ್ ಮಾಡಿ ನೋಡಿ. ಅದು ಎರಡೂ ತಂತಿಗಳನ್ನು ಕಡಿಯುವಂಥದ್ದಾಗಿದ್ದು, ಆದರೂ ಕಂಬದಲ್ಲಿ ಬಿದ್ದರೆ ದೋಷ ಕೇಬಲ್ ಅಥವಾ ಹೊರಗಿನ ಇನ್‌ಲೆಟ್‌ನಲ್ಲಿದೆ, ಬಹಳ ಸಲ ಪ್ಲಗ್‌ನೊಳಗೆ ಹೊಕ್ಕ ನೀರು. ವಾಹನದೊಳಗೆ ಬೀಳುತ್ತಿದ್ದರೆ ಉಪಕರಣಗಳ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಒಂದೇ ತಂತಿ ಕಡಿಯುವ ಸ್ವಿಚ್ ನ್ಯೂಟ್ರಲನ್ನು ಬಿಟ್ಟಿರುತ್ತದೆ, ನ್ಯೂಟ್ರಲ್ ಅರ್ಥ್‌ಗೆ ತಾಗಿದರೂ ಆರ್‌ಸಿಸಿಬಿ ಬೀಳುತ್ತದೆ. ಬಳಿಕ ಒಂದೊಂದಾಗಿ ಸೇರಿಸುತ್ತ ಬನ್ನಿ. ಸಿಕ್ಕಿಬೀಳುವುದು ಹೆಚ್ಚಾಗಿ ನೀರು ಕಾಯಿಸುವ ಎಲಿಮೆಂಟ್ ಅಥವಾ ಫ್ರಿಡ್ಜ್‌ನ 230 ವೋಲ್ಟ್ ಎಲಿಮೆಂಟ್, ಅದರಲ್ಲೂ ದೀರ್ಘಕಾಲ ನಿಂತ ವಾಹನದಲ್ಲಿ. ಒಂದೊಂದೂ ಸರಿಯಿದ್ದು ಎಲ್ಲ ಸೇರಿದಾಗ ಮಾತ್ರ ಬಿದ್ದರೆ ಹಲವು ಚಾರ್ಜರ್‌ಗಳ ಸಣ್ಣ ಸೋರಿಕೆಗಳು ಕೂಡಿವೆ ಎಂದರ್ಥ.

ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಯುರೋಪಿನ ತಂಗುದಾಣಗಳಲ್ಲಿ ಸಾಮಾನ್ಯ. ಎರಡೂ ತಂತಿ ಕಡಿಯುವ ಎಂಸಿಬಿ ಇರುವ ವಾಹನಕ್ಕೆ ಇದರಿಂದ ಅಷ್ಟು ತೊಂದರೆಯಿಲ್ಲ. ಒಂದೇ ತಂತಿ ಕಡಿಯುವ ಎಂಸಿಬಿ ಇದ್ದರೆ, ಅದು ಬಿದ್ದ ಮೇಲೂ ಉಪಕರಣದಲ್ಲಿ ಫೇಸ್ ಉಳಿದಿರುತ್ತದೆ. ಸಾಕೆಟ್ ಟೆಸ್ಟರ್ ಇದನ್ನು ಹೇಳುತ್ತದೆ. ಅರ್ಥ್ ಇದೆಯೋ ಇಲ್ಲವೋ ಎಂಬುದನ್ನೂ ಹೇಳುತ್ತದೆ, ಆದರೆ ಅರ್ಥ್ ಎಷ್ಟು ಗಟ್ಟಿ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಬರಿಗಾಲಿನಲ್ಲಿ ಹಸಿ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದಾಗ ಕೈ ಜುಮ್ಮೆಂದರೆ ಹುಡುಕಾಟ ಅಲ್ಲಿಗೇ ನಿಲ್ಲಲಿ. ವಾಹನವನ್ನು ಮತ್ತೆ ಮುಟ್ಟದೆ ಕಂಬದಲ್ಲಿ ಸ್ವಿಚ್ ಆಫ್ ಮಾಡಿ, ಕೇಬಲ್ ಕಿತ್ತುಬಿಡಿ. ಅರ್ಥ್ ತಂತಿ ಎಲ್ಲೋ ಕಡಿದಿದೆ, ಚಾರ್ಜರ್‌ಗಳ ಫಿಲ್ಟರ್‌ನಿಂದಲೋ ಕೆಟ್ಟ ಎಲಿಮೆಂಟ್‌ನಿಂದಲೋ ಬಂದ ವೋಲ್ಟೇಜ್ ಇಡೀ ಲೋಹದ ಮೈಮೇಲೆ ಕುಳಿತಿದೆ. ಮರಳುವ ದಾರಿ ಇಲ್ಲದ್ದರಿಂದ ಆರ್‌ಸಿಸಿಬಿ ಬಿದ್ದಿಲ್ಲ, ಆ ದಾರಿ ನೀವೇ ಆಗುತ್ತೀರಿ. ಕೇಬಲ್‌ನ ಎರಡು ತುದಿಗಳ ಅರ್ಥ್ ಪಿನ್‌ಗಳ ನಡುವೆ, ಕೇಬಲ್ ಎಲ್ಲಿಗೂ ಸೇರಿರದಾಗ, ಕಂಟಿನ್ಯೂಟಿ ನೋಡಬಹುದು. ಅದು ಸರಿಯಿದ್ದರೆ ಕಂಬದ ವಿಷಯವನ್ನು ತಂಗುದಾಣದವರಿಗೆ, ವಾಹನದ ವಿಷಯವನ್ನು ಎಲೆಕ್ಟ್ರೀಷಿಯನ್‌ಗೆ ಬಿಡಿ.

ದೋಷದಂತೆ ಕಂಡರೂ ದೋಷವಲ್ಲದ್ದು

ಎಂಜಿನ್ ಸ್ಟಾರ್ಟ್ ಆದ ಕೂಡಲೇ ಒಳಗಿನ ದೀಪಗಳೆಲ್ಲ ಆರಿದರೆ, ಓಡುವಾಗ ಫ್ರಿಡ್ಜ್ ಬಿಟ್ಟು ಉಳಿದದ್ದನ್ನು ಕಡಿಯಲೆಂದೇ ಇಟ್ಟ ರಿಲೇ ತನ್ನ ಕೆಲಸ ಮಾಡುತ್ತಿದೆ. ಮೂರು ಇಂಧನದ ಫ್ರಿಡ್ಜ್ ಎಂಜಿನ್ ನಿಂತಾಗ 12 ವೋಲ್ಟ್‌ನಲ್ಲಿ ಓಡದಿದ್ದರೆ ಅದಕ್ಕೂ ಕಾರಣವಿದೆ, 10-15 ಆಂಪಿಯರ್ ಎಳೆಯುವ ಅದು ಬಿಟ್ಟರೆ ಒಂದೇ ರಾತ್ರಿಯಲ್ಲಿ ಬ್ಯಾಟರಿ ಮುಗಿಸುತ್ತದೆ. ಸುಡು ಮಧ್ಯಾಹ್ನ ಸೋಲಾರ್ ಕಂಟ್ರೋಲರ್ ಸೊನ್ನೆ ಆಂಪಿಯರ್ ತೋರಿಸಿದರೆ ಎಲ್ಲಕ್ಕೂ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಿ. ಅದು 13.6ರ ಹತ್ತಿರ ನಿಂತಿದ್ದರೆ ಬ್ಯಾಟರಿ ತುಂಬಿದೆ. ಒಂದು ಪಂಪ್ ಆನ್ ಮಾಡಿ, ಆಂಪಿಯರ್ ಏರುತ್ತದೆ.